ಬಾಯಿ ಮೂಸಿದ ಬೇಸಿಗೆ

ಸಕ್ಕರೆ ಕಾಯಿಲೆ ಅಂಟಿಕೊಂಡ ಮೇಲೆ ಆಗಾಗ ಸೊರಬದ ಲ್ಯಾಬಿಗೆ ಹೋಗಿಬರುವುದು ನನಗೊಂದು ಕೆಲಸವಾಗಿದೆ. ಕಳೆದ ಸಲ ಅಲ್ಲಿನ ಹುಡುಗಿ ರಕ್ತ ತೆಗೆದುಕೊಂಡ ಮೇಲೆ ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, "ಇದ್ರಲ್ಲಿ ಹಿಡ್ಕೊಂಡು ಬನ್ನಿ ಆಂಟಿ, ಅಲ್ಲೇ ಹಿಂದ್ಗಡೆ" ಎಂದಳು. ಹಿಂದಿನ ಬಚ್ಚಲಿನಲ್ಲಿ ಮೂಗು ಹೊಡೆಯುವ ಫಿನಾಯಿಲ್ ವಾಸನೆ. ಬಾಗಿಲಿಗೆ ಚಿಲಕವಿಲ್ಲ. ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು ನಿಂತಾಗ ನನಗೆ ನಗು ಬಂತು. ಏಳು ಮಂದಿ ವಾರ್ಡರುಗಳು ಖಾಕಿ ತೊಟ್ಟು, ಕೈಯಲ್ಲೊಂದು ಬಾಟಲಿ ಹಿಡಿದು, ಶೌಚಾಲಯದ ಮುಂದೆ ಸಾಲಾಗಿ ನಿಂತಿದ್ದ ಒಂದು ಬೆಳಗು ಕಣ್ಣ ಮುಂದೆ ಬಂದಿತ್ತು. ಆ ಸಾಲಿನ ಕೊನೆಯಲ್ಲಿದ್ದ ಹಾಲಪ್ಪಣ್ಣ ನೆನಪಾದ ಮೇಲೆ ನಗು ತಾನಾಗಿ ನಿಂತಿತು.

ಅದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಶಿಕಾರಿಪುರದ ಕಡೆಯ ಒಂದು ಸಣ್ಣ ಜೈಲಿನಲ್ಲಿ ನಾನು ಹಂಗಾಮಿ ಮಹಿಳಾ ವಾರ್ಡರ್ ಆಗಿದ್ದೆ. ಯಾವ ಜೈಲು ಎಂದು ಹೇಳುವುದು ಬೇಡ. ಅಲ್ಲಿದ್ದವರಲ್ಲಿ ಹಲವರು ಇನ್ನೂ ಇದ್ದಾರೆ, ಮದುವೆ ಮನೆಗಳಲ್ಲಿ ಎದುರಾಗುತ್ತಾರೆ, ಎದುರಾದರೆ ಮೊಮ್ಮಕ್ಕಳ ಸುದ್ದಿ ಮಾತಾಡಿ ಜಾರಿಕೊಳ್ಳುತ್ತಾರೆ. ಹೆಸರಿಗೆ ಜೈಲೇ ಹೊರತು ನೋಡಲು ಹಳೆಯ ಗೋದಾಮಿನ ಹಾಗಿತ್ತು. ಎರಡು ಬ್ಯಾರಕ್ಕು, ಒಂದು ಬಾವಿ, ಗಾಜಿನ ಚೂರು ನೆಟ್ಟ ಗೋಡೆ. ವಿಚಾರಣೆಗೆ ಕಾಯುತ್ತಿದ್ದವರೇ ಹೆಚ್ಚು: ಬದುವಿನ ಜಗಳ, ಕುಡಿದು ಹೊಡೆದಾಟ, ಕಳ್ಳಬಟ್ಟಿ. ಸೊರಬದವಳಾದ ನನಗೆ ಅಲ್ಲಿನ ಬಿಸಿಲು ತಡೆಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಂಚಿನ ಕೆಳಗೆ ಕೂತವರಿಗೆ ಮಾತಾಡುವುದಕ್ಕೂ ಬೇಸರವಾಗುತ್ತಿತ್ತು.

ನನ್ನ ಕೆಲಸ ಕೈದಿಗಳನ್ನು ನೋಡಲು ಬರುವ ಹೆಂಗಸರ ತಪಾಸಣೆ. ಗೇಟಿನ ಕೋಣೆಯ ಮೂಲೆಯಲ್ಲಿ ಹಳೆಯ ಹೊದಿಕೆಯೊಂದನ್ನು ಅಡ್ಡ ಕಟ್ಟಿದ್ದರು. ಅದರ ಹಿಂದೆ ಅವರು ಸೆರಗು ಬಿಚ್ಚಿ, ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆ ಸಂಚಿ ತೆಗೆದು, ತುರುಬು ಬಿಚ್ಚಿ ತೋರಿಸಬೇಕು. ಮೊದಮೊದಲು ಅವರಿಗಿಂತ ನನಗೇ ನಾಚಿಕೆಯಾಗುತ್ತಿತ್ತು. ಆಮೇಲೆ ಅದೂ ಹೋಯಿತು. ದಿನವೂ ಮಾಡಿದರೆ ಏನೂ ಅನಿಸುವುದಿಲ್ಲ ಎಂಬುದೇ ಆ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಬೇಸರ ತರಿಸಿದ ಸಂಗತಿ.

ಹೊದಿಕೆಯ ಆಚೆ ಬದಿಯಲ್ಲಿ ಗಂಡಸರ ತಪಾಸಣೆ ಹಾಲಪ್ಪಣ್ಣನದು. ಚಂದ್ರಗುತ್ತಿ ಗುಡ್ಡದ ಕೆಳಗಿನ ಹಳ್ಳಿಯವರು, ಹೆಂಡತಿ ನಾಗಮ್ಮ ಅಲ್ಲೇ ಗದ್ದೆ ನೋಡಿಕೊಂಡಿದ್ದರು, ಇವರು ಶಿಕಾರಿಪುರದಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ನಿವೃತ್ತಿ ಹತ್ತಿರವಿತ್ತು. ಸಣಕಲು ಮೈ, ಅಂಗಿಯೊಳಗೆ ಕೊರಳಲ್ಲಿ ಲಿಂಗ. ಸ್ನಾನ, ಪೂಜೆ ಆಗದೆ ಡ್ಯೂಟಿಗೆ ಬಂದವರಲ್ಲ. ಬೀಡಿ ಇಲ್ಲ, ಎಲೆಯಡಿಕೆ ಇಲ್ಲ, ಚಹಾ ಕೂಡ ಬೇಕಾದರೆ ಕುಡಿದರು ಇಲ್ಲದಿದ್ದರೆ ಇಲ್ಲ. ಇಂಥವರ ಜೊತೆ ಕೆಲಸ ಮಾಡುವುದು ಸುಲಭವಲ್ಲ, ನಾವು ತಿನ್ನುವ ಮಂಡಕ್ಕಿ ಮಿರ್ಚಿಯೂ ಅಪರಾಧದ ಹಾಗೆ ಕಾಣುತ್ತದೆ. ಆದರೂ ನನ್ನನ್ನು "ತಂಗೀ" ಎಂದು ಕರೆಯುತ್ತಿದ್ದ ಅವರೊಬ್ಬರೇ ಆ ಗೇಟಿನಲ್ಲಿ ನನಗೆ ಧೈರ್ಯ.

ಹಬ್ಬದ ದಿನಗಳಲ್ಲಿ ಮನೆಯಿಂದ ಊಟ ತರಲು ಅನುಮತಿಯಿತ್ತು. ಆದರೆ ತಂದವರು ಮೊದಲು ಒಂದು ತುತ್ತು ತಿಂದು ತೋರಿಸಬೇಕು, ಆಮೇಲೆ ಕೈದಿಗೆ ಕೊಡಬೇಕು. ಹಾಲಪ್ಪಣ್ಣ ಇದೊಂದನ್ನು ಪಾಲಿಸುತ್ತಿರಲಿಲ್ಲ. "ಹಬ್ಬದ ದಿನ ಮಗನಿಗೆ ಎಡೆ ಮಾಡ್ಕೊಂಡು ಬಂದಿರ್ತಾಳೆ, ಅದನ್ನ ಎಂಜಲು ಮಾಡು ಅಂತ ಹೆತ್ತವಳಿಗೆ ಹೇಳೋದು ಹೆಂಗೆ?" ಎನ್ನುತ್ತಿದ್ದರು. ತಾವೇ ಒಂದು ಸ್ಟೀಲಿನ ಬಟ್ಟಲು ಇಟ್ಟುಕೊಂಡು, ಪ್ರತಿ ಡಬ್ಬಿಯಿಂದ ಒಂದೊಂದು ಚಮಚ ಬಡಿಸಿಕೊಂಡು, ಅದನ್ನು ತಿಂದು, ಸ್ವಲ್ಪ ಹೊತ್ತು ಕೂತು, "ಹೂಂ, ಕೊಡಿ" ಎನ್ನುತ್ತಿದ್ದರು. ಅದು ತಪ್ಪು ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬೇಡವೆನ್ನಲಿಲ್ಲ, ಯಾಕೆಂದರೆ ಸಾಲು ಬೇಗ ಕರಗುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಹಾಜರಿ ಕರೆಯುವಾಗ ಒಬ್ಬ ಕೈದಿ ನಗತೊಡಗಿದ. ನಿಲ್ಲಿಸು ಎಂದರೂ ನಿಲ್ಲಿಸಲಿಲ್ಲ, ನಗುತ್ತಲೇ ಕುಸಿದು ಕೂತ. ಅವನ ಹಾಸಿಗೆಯಡಿ ಗಾಂಜಾ ಸಿಕ್ಕಿತು. ಮೇಲಿನವರಿಂದ ಆದೇಶ ಬಂತು: ಒಳಗೆ ಬರುವವರು ಎರಡೇ ಬಗೆ, ಸಿಬ್ಬಂದಿ ಮತ್ತು ಸಂದರ್ಶಕರು, ಇಬ್ಬರನ್ನೂ ಪರೀಕ್ಷಿಸಿ. ಸಿಬ್ಬಂದಿಯ ಮೂತ್ರ ಬೆಂಗಳೂರಿನ ಲ್ಯಾಬಿಗೆ ಹೋಗಬೇಕು. ಸಂದರ್ಶಕರ ಬಾಯಿಯ ವಾಸನೆಯನ್ನು ಗೇಟಿನಲ್ಲೇ ನೋಡಬೇಕು, ಅನುಮಾನ ಬಂದವರನ್ನು ಆಸ್ಪತ್ರೆಗೆ ಕಳಿಸಬೇಕು.

ಜೈಲರ್ ಸಾಹೇಬರು ನನ್ನನ್ನು ಕರೆದು, "ಹೆಂಗಸರ ಬಾಯಿ ನೀವು ಮೂಸಿ ನೋಡ್ಬೇಕಾಗ್ತದ್ರೀ" ಎಂದರು.

"ಯಾವ ವಾಸನೆ ಬರ್ಬೇಕು ಸರ್?" ಎಂದೆ. ಗಾಂಜಾದ ವಾಸನೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಅಷ್ಟಾಗಿ ಗೊತ್ತಿದ್ದ ಹಾಗೆ ಕಾಣಲಿಲ್ಲ.

"ಬೇರೆ ಥರ ಇರ್ತದ್ರೀ. ಬಂದ್ರೆ ತಿಳೀತದೆ" ಎಂದು ಫೈಲು ಎಳೆದುಕೊಂಡರು.

ಹೀಗೆ ಆ ಬೇಸಿಗೆಯೆಲ್ಲ ನಾನು ಬೇರೆಯವರ ಬಾಯಿ ಮೂಸಿದೆ. ಎಲೆಯಡಿಕೆ, ಕಡ್ಡಿಪುಡಿ, ಹಸಿ ಈರುಳ್ಳಿ, ಹುಳಿಮಜ್ಜಿಗೆ. ಹಸಿದ ಹೊಟ್ಟೆಗೂ ಒಂದು ವಾಸನೆಯಿದೆ ಎಂದು ಅಲ್ಲಿ ತಿಳಿಯಿತು, ಮೊದಲ ಬಸ್ಸಿಗೆ ಏನೂ ತಿನ್ನದೆ ಹೊರಟು ಬಂದವರ ಬಾಯಿಂದ ಅದು ಬರುತ್ತಿತ್ತು. ಕೆಲವರು ಅತ್ತರು, ಕೆಲವರು ಬೈದರು. ಒಬ್ಬಳು, "ಏನವ್ವಾ, ನಮ್ಮನಿ ಗಂಡಸೂ ಇಷ್ಟು ಹತ್ರ ಬಂದು ನೋಡಿಲ್ಲ ನನ್ನ ಬಾಯಿನ" ಎಂದು ನಕ್ಕಳು. ನಾನೂ ನಕ್ಕೆ. ಸಂಜೆ ಕೋಣೆಗೆ ಹೋದರೆ ಊಟಕ್ಕೆ ಕೂರುವ ಮೊದಲು ಎರಡು ಸಲ ಮೂಗು ತೊಳೆದುಕೊಳ್ಳುತ್ತಿದ್ದೆ.

ಬಸವ ಜಯಂತಿ ಬಂತು. ಅಂದು ಬೆಳಗಿನಿಂದಲೇ ಗೇಟಿನ ಹೊರಗೆ ಡಬ್ಬಿಗಳ ಸಾಲು. ಹೋಳಿಗೆ, ಕೋಸಂಬರಿ, ಮನೆಮನೆಯಿಂದಲೂ ಗಸಗಸೆ ಪಾಯಸ. ಹಾಲಪ್ಪಣ್ಣ ಬಟ್ಟಲು ಇಟ್ಟುಕೊಂಡು ಕೂತರು. ಸಾಲಿನಲ್ಲಿ ಗಂಗವ್ವ ಇದ್ದಳು. ಬಳ್ಳಿಗಾವಿ ಹತ್ತಿರದ ಹಳ್ಳಿಯವಳು, ಮೊಣಕಾಲು ನೋವಿನ ಹೆಂಗಸು, ಒಬ್ಬನೇ ಮಗ ಬಸವರಾಜ ಬದುವಿನ ಜಗಳದಲ್ಲಿ ದಾಯಾದಿಯ ಕೈ ಮುರಿದು ಒಳಗಿದ್ದ. ಅವನ ಜಾಮೀನಿನ ಅರ್ಜಿ ಕೋರ್ಟಿನಲ್ಲಿತ್ತು. ಪ್ರತಿ ವಾರ ಬರುತ್ತಿದ್ದಳು, ಒಂದು ವಾರವೂ ತಪ್ಪಿಸಿದವಳಲ್ಲ. ಹಾಲಪ್ಪಣ್ಣ ಒಂದು ಚಮಚ ಪಾಯಸ ಬಡಿಸಿಕೊಳ್ಳಲು ಹೋದರೆ ಅವಳು ಬಿಡಲಿಲ್ಲ.

"ಹಬ್ಬದ ದಿನ ಇಲ್ಲೇ ಕುಂತೀರಿ. ಮನೀಗೆ ಹೋಗಿಲ್ಲ, ಉಂಡಿಲ್ಲ. ಒಂದು ಲೋಟ ಕುಡೀರಿ ಅಣ್ಣಾ."

"ಬೇಡವ್ವ, ಹಂಗೆಲ್ಲ ಮಾಡಂಗಿಲ್ಲ ನಾವು."

"ಬಸವಣ್ಣನ ಹಬ್ಬದ ದಿನ ಕೊಟ್ಟಿದ್ದು ಬ್ಯಾಡ ಅಂತಾರೇನ್ರೀ?"

ಹಾಲಪ್ಪಣ್ಣ ಲೋಟ ತೆಗೆದುಕೊಂಡು, ಗೋಡೆಯ ಕಡೆ ತಿರುಗಿ, ಪೂರ್ತಿ ಕುಡಿದರು. ಕುಡಿದ ಮೇಲೆ ಕಣ್ಣಿಗೆ ನಿದ್ದೆ ಹತ್ತುತ್ತಿದೆ ಎಂದು ಮುಖಕ್ಕೆ ನೀರು ಹಾಕಿಕೊಂಡು ಬಂದರು. ನಾನು ಹೊದಿಕೆ ಸರಿಸಿಕೊಂಡು ಎಲ್ಲವನ್ನೂ ನೋಡುತ್ತಿದ್ದೆ.

ಮರುದಿನ ಬೆಳಗ್ಗೆ ಯಾರಿಗೂ ಹೇಳದೆ ತಾಲೂಕು ಆಸ್ಪತ್ರೆಯ ಡಾಕ್ಟರಮ್ಮ ಬಾಟಲಿಗಳೊಂದಿಗೆ ಬಂದರು. ನಾನು ಲ್ಯಾಬಿನ ಬಚ್ಚಲಲ್ಲಿ ನೆನೆಸಿಕೊಂಡು ನಕ್ಕ ಸಾಲು ಅದು. ಬಾಟಲಿಗಳಿಗೆ ಹೆಸರು ಬರೆದು, ಲಸಿಕೆ ಒಯ್ಯುವ ನೀಲಿ ಡಬ್ಬಿಯಲ್ಲಿ ಐಸ್ ಹಾಕಿ, ಬೆಂಗಳೂರಿನ ಬಸ್ಸಿಗೆ ಏರಿಸಿದರು. ನಾವೆಲ್ಲ ಅದನ್ನು ಮರೆತೆವು. ಮೇ ಕೊನೆಯಲ್ಲಿ ಉತ್ತರ ಬಂತು. ಆರು ಮಂದಿಯದು ಸರಿಯಿತ್ತು. ಹಾಲಪ್ಪಣ್ಣನದರಲ್ಲಿ ಮಾತ್ರ ಅಫೀಮಿನ ಅಂಶವಿದೆ ಎಂದು ಬರೆದಿದ್ದರು.

ಅಂದೇ ಅವರನ್ನು ಸಸ್ಪೆಂಡ್ ಮಾಡಿದರು. ಹುಡುಕುತ್ತಿದ್ದದ್ದು ಗಾಂಜಾ, ಸಿಕ್ಕಿದ್ದು ಅಫೀಮು ಎಂದು ಯಾರೂ ಕೇಳಲಿಲ್ಲ, ಏನೋ ಒಂದು ಸಿಕ್ಕಿತಲ್ಲ ಎಂಬ ನೆಮ್ಮದಿ ಎಲ್ಲರಿಗೂ. ಬೀಡಿ ಸೇದುವವರು, ಸಂಜೆ ಸಾರಾಯಿ ಅಂಗಡಿಗೆ ಹೋಗುವವರು ಎಲ್ಲ ಸೇರಿ, "ಸಾಚಾ ಅಂತ ತಿಳ್ಕೊಂಡಿದ್ವಿ, ಪೂಜೆ ಗೀಜೆ ಎಲ್ಲ ನಾಟಕ" ಎಂದು ತೀರ್ಪು ಕೊಟ್ಟರು. ನನಗೆ ಸಿಟ್ಟು ಬಂತು, ಆದರೆ ಹಂಗಾಮಿ ಕೆಲಸದವಳು ಬಾಯಿ ತೆರೆಯುವುದು ಹೇಗೆ? ಕೆಲಸದಿಂದಲೇ ತೆಗೆಯುತ್ತಾರೆ, ಪಿಂಚಣಿಯೂ ಸಿಗುವುದಿಲ್ಲ ಎಂಬ ಮಾತು ಹಬ್ಬಿತ್ತು. ಹಾಲಪ್ಪಣ್ಣ ಮಾತ್ರ, "ನಾನೆಂತ ತಿಂದೆ? ನಾನೆಂತ ತಿಂದೆ ತಂಗೀ?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು.

ಜೈಲರ್ ಸಾಹೇಬರು ಡಾಕ್ಟರಮ್ಮನ ಅಭಿಪ್ರಾಯ ತನ್ನಿ ಎಂದು ಅವರನ್ನು ಆಸ್ಪತ್ರೆಗೆ ಕಳಿಸಿದಾಗ ಜೊತೆಗೆ ನನ್ನನ್ನೂ ಕಳಿಸಿದರು. ಡಾಕ್ಟರಮ್ಮ ವರದಿ ಓದಿ, ಹಾಲಪ್ಪಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಹಿಂದಿನ ದಿನ ಹಬ್ಬ ಇತ್ತಲ್ರೀ. ಗಸಗಸೆ ಪಾಯಸ ಕುಡಿದಿದ್ರಾ?" ಎಂದು ಕೇಳಿದರು. ಗಸಗಸೆ ಎಂದರೆ ಅಫೀಮಿನ ಗಿಡದ್ದೇ ಬೀಜ, ಜಾಸ್ತಿ ಕುಡಿದರೆ ಪರೀಕ್ಷೆಯಲ್ಲಿ ಕಾಣುವುದುಂಟು ಎಂದು ವಿವರಿಸಿದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಲಪ್ಪಣ್ಣನ ಮುಖವೂ ಒಂದು ಗಳಿಗೆ ಅರಳಿತು. ಆಮೇಲೆ ನೋಡನೋಡುತ್ತಿದ್ದಂತೆ ಬಾಡಿತು.

"ಕುಡಿದಿದ್ದೆ ಅಮ್ಮಾ. ಹಿಂದಿನ ರಾತ್ರಿ ಊರಿಗೆ ಹೋಗಿದ್ದೆ, ಮನೇಲಿ ಕುಡಿದೆ" ಎಂದರು.

ನಾನು ಅವರನ್ನೇ ನೋಡಿದೆ. ಅವರು ನೆಲ ನೋಡಿದರು. ಹೊರಗೆ ಬಂದ ಮೇಲೆ ಬೇವಿನ ಮರದ ಕೆಳಗೆ ನಿಂತು ಹೇಳಿದರು: "ಗೇಟಲ್ಲಿ ಕುಡಿದೆ ಅಂದ್ರೆ ಯಾರು ಕೊಟ್ರು ಅಂತ ಕೇಳ್ತಾರೆ. ಗಂಗವ್ವನ ಹೆಸರು ನಿನ್ನ ಬಾಯಲ್ಲಿ ಬರಬಾರದು. ಜೈಲಿನವರಿಗೆ ತಿನ್ನಿಸಿ ಬುಟ್ಟಿಗೆ ಹಾಕ್ಕೊಂಡಿದ್ಲು, ಅಫೀಮು ತಂದಿದ್ಲು ಅಂತ ಬರೀತಾರೆ. ಹುಡುಗನ ಜಾಮೀನು ಅರ್ಜಿ ಕೋರ್ಟಲ್ಲೈತೆ. ಒಂದು ಸಾಲು ಸಾಕು ಅದು ಬಿದ್ದು ಹೋಗೋಕೆ."

"ಮತ್ತೆ ನೀವಣ್ಣಾ?"

"ನಂದು ಮನೆ ಪಾಯಸದಲ್ಲಿ ಮುಗೀತದೆ ಬಿಡು."

ಮುಗಿಯಲಿಲ್ಲ. ಸಾಹೇಬರು ಕೆಟ್ಟವರಲ್ಲ, ಆದರೆ ಕೇಳಿದ್ದನ್ನು ಖಾತ್ರಿ ಮಾಡಿಕೊಳ್ಳುವ ಜಾತಿ. ಎರಡು ದಿನ ಬಿಟ್ಟು ಜೀಪು ಹತ್ತಿಸಿಕೊಂಡು ಚಂದ್ರಗುತ್ತಿ ಕಡೆ ಹೊರಟರು. ಹೆಂಗಸಿನ ಹೇಳಿಕೆ ತೆಗೆದುಕೊಳ್ಳಬೇಕೆಂದು ನನ್ನನ್ನೂ ಕರೆದುಕೊಂಡರು. ಹಾಲಪ್ಪಣ್ಣ ಮನೆಗೆ ಮುಖ ತೋರಿಸಲಾಗದೆ ಶಿಕಾರಿಪುರದ ಕೋಣೆಯಲ್ಲೇ ಬಾಗಿಲು ಹಾಕಿಕೊಂಡಿದ್ದರು, ಹೆಂಡತಿಗೆ ಒಂದು ಮಾತನ್ನೂ ತಿಳಿಸಿರಲಿಲ್ಲ. ನಾಗಮ್ಮ ನಮಗೆ ನೀರು, ಬೆಲ್ಲ ತಂದಿಟ್ಟರು. ಗಂಡನ ಆಫೀಸಿನವರು ಬಂದಿದ್ದಾರೆ ಎಂದು ಸೆರಗು ಹೊದ್ದು ನಿಂತರು.

"ಬಸವ ಜಯಂತಿ ರಾತ್ರಿ ಮನೇಲಿ ಪಾಯಸ ಮಾಡಿದ್ರೇನಮ್ಮಾ?" ಎಂದು ಸಾಹೇಬರು ಕೇಳಿದರು.

ಹೌದು ಎನ್ನಲಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ನಾಗಮ್ಮ ನನ್ನ ಕಡೆ ನೋಡಲೇ ಇಲ್ಲ.

"ಇಲ್ಲ ಸ್ವಾಮಿ. ಅತ್ತೆ ತೀರ್ಕೊಂಡು ಇನ್ನೂ ವರ್ಷ ತುಂಬಿಲ್ಲ. ಈ ವರ್ಷ ನಮ್ಮನೇಲಿ ಯಾವ ಹಬ್ಬನೂ ಇಲ್ಲ, ಪಾಯಸ ಎಂತಕ್ಕೆ ಮಾಡ್ತೀವಿ? ಅವರು ಬಂದೂ ಇಲ್ಲ ಆವತ್ತು."

ಸಾವಿನ ವರ್ಷದಲ್ಲಿ ಹಬ್ಬ ಮಾಡಿದೆ ಎಂದು ಯಾವ ಸೊಸೆ ಹೇಳುತ್ತಾಳೆ? ಸುಳ್ಳು ಹೇಳುವವಳಾದರೂ ಆ ಸುಳ್ಳು ಹೇಳುತ್ತಿರಲಿಲ್ಲ. ವಾಪಸು ಬರುವಾಗ ಸಾಹೇಬರು ಜೀಪಿನಲ್ಲಿ, "ಇಂಥವರೇ ಸುಳ್ಳು ಹೇಳಿದ್ರೆ ಯಾರನ್ನ ನಂಬೋದ್ರೀ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ನನಗೂ ಅಳು ಬರುವಷ್ಟು ಸುಸ್ತಾಗಿತ್ತು. ಸಂಜೆ ಹಾಲಪ್ಪಣ್ಣನಿಗೆ ಸುದ್ದಿ ಮುಟ್ಟಿಸಿದೆ. "ಅವಳಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ನನಗೂ ಇಲ್ಲ, ಅದ್ಕೇ ಸಿಕ್ಕಿಬಿದ್ದೆ" ಎಂದು ಹೇಳಿ ಒಳಗೆ ಹೋದರು. ಇನ್ನು ಅವರನ್ನು ಕೆಲಸದಿಂದ ತೆಗೆಯುವ ಕಾಗದ ಬರುವುದೊಂದೇ ಬಾಕಿ ಎಂದು ಎಲ್ಲರೂ ತಿಳಿದರು.

ಆ ವಾರ ಗಂಗವ್ವ ಬಂದಾಗ ಹೊದಿಕೆಯ ಹಿಂದೆ ಸಂಚಿ ಬಿಚ್ಚುತ್ತ ಕೇಳಿದಳು: "ಆ ಲಿಂಗದ ಅಣ್ಣ ಎಲ್ಲಿ, ಬರಂಗಿಲ್ಲಲ್ಲ ಈಗೀಗ?"

ನಾನು ಹೇಳಿದೆ. ಪಾಯಸದಿಂದ ಹಿಡಿದು ನಾಗಮ್ಮನ ಮಾತಿನವರೆಗೆ ಒಂದೂ ಬಿಡದೆ ಹೇಳಿದೆ. ಯಾಕೆ ಸುಳ್ಳು ಹೇಳಿದರು ಎಂಬುದನ್ನೂ ಹೇಳಿದೆ. ಒಬ್ಬ ಒಳ್ಳೆಯ ಮನುಷ್ಯ ಅಫೀಮು ತಿನ್ನುವವನಾಗಿ ಮನೆಗೆ ಹೋಗುವುದನ್ನು ನೋಡಿಕೊಂಡು ನನಗೆ ಸುಮ್ಮನಿರಲಾಗಲಿಲ್ಲ. ಅದಕ್ಕೆ ಇಂದಿಗೂ ನಾನು ಪಶ್ಚಾತ್ತಾಪ ಪಟ್ಟಿಲ್ಲ.

ಗಂಗವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಬಿಚ್ಚಿದ ಸಂಚಿಯನ್ನು ಮತ್ತೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು. ಮಗನನ್ನು ನೋಡುವ ಕಡೆ ಹೋಗದೆ, ಮೊಣಕಾಲ ಮೇಲೆ ಕೈಯೂರಿಕೊಂಡು ಮೆಟ್ಟಿಲು ಹತ್ತಿ, ನೇರ ಸಾಹೇಬರ ಕೋಣೆಗೆ ಹೋದಳು.

"ಪಾಯಸ ನಾನು ಕೊಟ್ಟಿದ್ದು. ಆ ಅಣ್ಣ ಬ್ಯಾಡ ಅಂದ್ರು, ನಾನೇ ಲೋಟ ಕೈಯಾಗಿಟ್ಟೆ. ಅದರಾಗ ವಿಷ ಐತಿ ಅಂದ್ರ ನನ್ನ ಒಳಗ ಹಾಕ್ರಿ. ನನ್ನ ಮಗನ್ನ ಇಟ್ಟಲ್ಲೇ ಹಾಕ್ರಿ, ವಾರ ವಾರ ಬಸ್ ಹತ್ತೋದು ತಪ್ಪತೈತಿ."

"ಇದನ್ನ ಬರ್ಕೊಂಡ್ರೆ ನಿಮ್ಮ ಮಗನಿಗೆ ತೊಂದರೆ ಆಗ್ತದಮ್ಮಾ" ಎಂದರು ಸಾಹೇಬರು.

"ಗೊತ್ತೈತ್ರಿ. ಆದ್ರೂ ಬರ್ಕೊಳ್ರಿ."

ಸಾಹೇಬರು ಬರೆದುಕೊಂಡರು. ಡಾಕ್ಟರಮ್ಮನ ಅಭಿಪ್ರಾಯವನ್ನೂ ಸೇರಿಸಿ ಮೇಲಕ್ಕೆ ಕಳಿಸಿದರು. ಅಷ್ಟರಲ್ಲಿ ಗಾಂಜಾದ ಗುಟ್ಟೂ ರಟ್ಟಾಗಿತ್ತು: ಗೋಡೆಯಾಚೆಯ ಬಯಲಿನಿಂದ ಯಾರೋ ಸೀಳಿದ ಟೆನಿಸ್ ಚೆಂಡಿನೊಳಗೆ ತುಂಬಿ ಒಳಕ್ಕೆ ಎಸೆಯುತ್ತಿದ್ದರು. ಸಿಬ್ಬಂದಿಯೂ ಅಲ್ಲ, ಸಂದರ್ಶಕರೂ ಅಲ್ಲ. ನಾನು ಮೂಸಿದ ಅಷ್ಟೂ ಬಾಯಿಗಳಲ್ಲಿ ಒಂದರಲ್ಲೂ ಏನೂ ಇರಲಿಲ್ಲ. ಆದರೂ ಮೂಸುವುದನ್ನು ನಿಲ್ಲಿಸಿ ಎಂಬ ಆದೇಶ ಬರಲಿಲ್ಲ, ಶುರು ಮಾಡಿದ್ದು ಹಾಗೇ ನಡೆಯಿತು.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಉತ್ತರ ಬಂತು. ಅಫೀಮಿನ ಆರೋಪ ಬಿದ್ದುಹೋಯಿತು. ಸಂದರ್ಶಕರಿಂದ ತಿನಿಸು ಪಡೆದದ್ದಕ್ಕೆ ಎಚ್ಚರಿಕೆ ಕೊಟ್ಟು ಹಾಲಪ್ಪಣ್ಣನನ್ನು ಕೆಲಸಕ್ಕೆ ತೆಗೆದುಕೊಂಡರು. ಹಬ್ಬದ ದಿನವೂ ಹೊರಗಿನ ಊಟ ಬಂದ್ ಆಯಿತು. ಸಿಬ್ಬಂದಿಯ ಜೊತೆ ಮನೆಯವರಿಗೆ ಸಲುಗೆ ಬೆಳೆದಿದೆ ಎಂದು ಬಸವರಾಜನನ್ನು ಜಿಲ್ಲೆಯ ದೊಡ್ಡ ಜೈಲಿಗೆ ಸಾಗಿಸಿದರು. ಅವನ ಜಾಮೀನಿನ ಅರ್ಜಿಯೂ ವಜಾ ಆಯಿತು. ಈ ಸಂಗತಿಯಿಂದಲೇ ಆಯಿತೋ, ಆಗುವುದೇ ಇತ್ತೋ, ನನಗೆ ಗೊತ್ತಿಲ್ಲ.

ಹಾಲಪ್ಪಣ್ಣ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಡ್ಯೂಟಿಗೆ ಬಂದ ದಿನ ಎಲ್ಲರೂ ಕೈಕುಲುಕಿದರು, ನಾಟಕ ಎಂದಿದ್ದವರೂ ಕೈಕುಲುಕಿದರು. ಅವರು ಬಸವರಾಜನಿದ್ದ ಬ್ಯಾರಕ್ಕಿನ ಕಡೆ ಹೋಗಿ ಬಂದು ನನ್ನ ಮುಂದೆ ನಿಂತರು.

"ಹೇಳಬೇಡ ಅಂದಿದ್ದೆ ತಂಗೀ."

"ಅಂದಿದ್ರಿ ಅಣ್ಣಾ."

"ಮತ್ತೆ?"

"ನಿಮ್ಮ ಹೆಸರು ಹಾಳಾಗೋದು ನೋಡೋಕಾಗ್ಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೆಸರೇನೋ ಉಳೀತು" ಎಂದಷ್ಟೇ ಹೇಳಿ ಗೇಟಿನ ಕೀಲಿಗೊಂಚಲು ತೆಗೆದುಕೊಂಡರು. ಆಮೇಲೆ ನಮ್ಮ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತು ಕಡಿಮೆಯಾಯಿತು. ವಾರದ ರಜೆಗೆ ಊರಿಗೆ ಹೋಗುತ್ತಿದ್ದವರು ಈಗೀಗ ಒಂದು ವಾರ ಬಿಟ್ಟು ಒಂದು ವಾರ ಹೋಗುತ್ತಿದ್ದರು. ರಜೆಯ ದಿನ ಕೋಣೆಗೆ ಬೀಗ ಮಾತ್ರ ಪ್ರತಿ ವಾರವೂ ಇರುತ್ತಿತ್ತು. ಎಲ್ಲಿಗೆ ಹೋಗುತ್ತಾರೆ ಎಂದು ನಾನು ಕೇಳಲಿಲ್ಲ.

ಶ್ರಾವಣದಲ್ಲಿ ಒಬ್ಬ ಹೆಂಗಸು ಕೈದಿಯನ್ನು ಬಿಟ್ಟುಬರಲು ನನ್ನನ್ನು ಜಿಲ್ಲೆಯ ದೊಡ್ಡ ಜೈಲಿಗೆ ಕಳಿಸಿದರು. ಜಡಿಮಳೆ. ಕೆಲಸ ಮುಗಿಸಿ ಗೇಟಿನ ಕೋಣೆಯಲ್ಲಿ ಮಳೆ ಕಡಿಮೆಯಾಗಲಿ ಎಂದು ನಿಂತಿದ್ದೆ. ಹೊರಗೆ ಸಂದರ್ಶಕರ ಸಾಲು ನೆನೆಯುತ್ತಿತ್ತು. ಸಾಲು ಮುಂದೆ ಬಂದಾಗ ಗಂಗವ್ವ ಕಂಡಳು. ಅವಳ ತಲೆಯ ಮೇಲೆ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಅವಳ ಚೀಲ ಹಿಡಿದು, ಪಂಚೆ ಅಂಗಿ ತೊಟ್ಟ ಹಾಲಪ್ಪಣ್ಣ ನಿಂತಿದ್ದರು. ಅವರ ಅರ್ಧ ಮೈ ತೊಯ್ದಿತ್ತು.

ಗೇಟಿನಲ್ಲಿದ್ದ ವಾರ್ಡರ್ ಎಳೆಯ ವಯಸ್ಸಿನವನು, ಅವರ ಗುರುತು ಅವನಿಗಿರಲಿಲ್ಲ. ಕೈದಿಯ ಹೆಸರು ಕೇಳಿ, "ನೀವೇನಾಗಬೇಕು?" ಎಂದ.

"ತಾಯಿ" ಎಂದಳು ಗಂಗವ್ವ.

"ಇವರು?"

ಹಾಲಪ್ಪಣ್ಣ ಗಂಗವ್ವನ ಕಡೆ ನೋಡಿದರು.

"ನಮ್ಮಣ್ಣ. ಹುಡುಗನ ಸೋದರಮಾವ" ಎಂದಳು ಗಂಗವ್ವ.

ಇವರೂ ವಾರ್ಡರೇ, ನಮ್ಮವರೇ, ಒಳಗೆ ಬಿಡಪ್ಪ ಎಂದು ಹೇಳಲು ನಾನು ಒಂದು ಹೆಜ್ಜೆ ಮುಂದಿಟ್ಟೆ. ಹಾಲಪ್ಪಣ್ಣ ನನ್ನನ್ನು ಕಂಡರು. ಬೇಡ ಎಂದು ತಲೆಯಾಡಿಸಿದರು. ಕೊಡೆ ಮಡಿಸಿ ಗೋಡೆಗೆ ಒರಗಿಸಿ, ಚೀಲವನ್ನು ಮೇಜಿನ ಮೇಲಿಟ್ಟು, ಆ ಹುಡುಗ ಹೇಳುವ ಮೊದಲೇ ಎರಡೂ ಕೈ ಅಗಲಿಸಿ ತಪಾಸಣೆಗೆ ನಿಂತರು.